ಐರ್ಲೆಂಡಿನ ಹಳ್ಳಿ ಮನೆಗೆ ಬೆಂಗಳೂರಿನ ಸ್ನೇಹಿತರು ಬರುತ್ತಿದ್ದಾರೆ, ಮಳೆ ಬಿಡದಿದ್ದರೆ ಏನು ಮಾಡಲಿ?

ಎರಡೂರಿನವಳು

ನಾವು ಬನಶಂಕರಿಯವರು. ನಾನು ಐರ್ಲೆಂಡಿನಲ್ಲಿ ನರ್ಸ್ ಆಗಿದ್ದೆ, ಈಗ ನಿವೃತ್ತಿ ಆಗಿದೆ. ಗಾಲ್ವೇ ಕೌಂಟಿಯ ಪಶ್ಚಿಮ ತುದಿಗೆ ಕಾನೆಮಾರಾ ಅನ್ನುತ್ತಾರೆ. ಅಲ್ಲಿ ಕ್ಲಿಫ್ಡನ್ ಅನ್ನೋ ಸಣ್ಣ ಪೇಟೆಯಿಂದ ಸ್ವಲ್ಪ ಆಚೆ ನಮ್ಮದೊಂದು ಹಳೇ ಮನೆ ಇದೆ. ಚಳಿಗಾಲಕ್ಕೆ ಬೆಂಗಳೂರು, ಉಳಿದ ತಿಂಗಳು ಅಲ್ಲಿ. ಸುತ್ತ ಬೆಟ್ಟ, ಕೆರೆ, ಸಮುದ್ರ, ಕುರಿ. ಫೋಟೋ ನೋಡಿದವರೆಲ್ಲ ಸ್ವರ್ಗ ಕಣ್ರೀ ಅನ್ನುತ್ತಾರೆ.

ಕಳೆದ ಜುಲೈನಲ್ಲಿ ನಮ್ಮ ಯಜಮಾನರ ಹಳೇ ಸಹೋದ್ಯೋಗಿ ಮತ್ತು ಅವರ ಹೆಂಡತಿ ಬಂದಿದ್ದರು. ಕೂಲಿಂಗ್ ಗ್ಲಾಸ್, ಹತ್ತಿ ಅಂಗಿ, ಕ್ಯಾನ್ವಾಸ್ ಶೂ. ಬಂದ ಸಂಜೆಯಿಂದಲೇ ಮಳೆ. ಆ ಮನುಷ್ಯ ಅಡುಗೆಮನೆ ಕಿಟಕಿಯ ಮಂಜನ್ನು ಬೆರಳಲ್ಲಿ ಒರೆಸಿ ಹೊರಗೆ ನೋಡುವುದು, ಫೋನಿನಲ್ಲಿ ಹವಾಮಾನ ನೋಡುವುದು, ಮತ್ತೆ ಕಿಟಕಿ. ಇದೇ ಕೆಲಸ. ಈಗ ಬೆಂಗಳೂರಲ್ಲಿ ಯಾವ ಮದುವೆಗೆ ಹೋದರೂ ನನ್ನೆದುರೇ ಹೇಳುತ್ತಾರೆ: "ಮಳೆ ನೋಡೋಕೆ ಅಷ್ಟು ದುಡ್ಡು ಯಾಕ್ರೀ? ಆಗುಂಬೆ ಬಸ್ಸು ಹತ್ತಿದರೆ ಸಾಕಿತ್ತು."

ಈ ವರ್ಷ ಲಾಲ್‌ಬಾಗ್ ವಾಕಿಂಗ್ ಗುಂಪಿನ ಎರಡು ಜೋಡಿ, ಜೊತೆಗೆ ಒಬ್ಬರ ಅತ್ತೆ, ಮತ್ತೆ ಜುಲೈನಲ್ಲೇ ಬರುತ್ತೇವೆ ಅನ್ನುತ್ತಿದ್ದಾರೆ. ಬೇಡ ಅನ್ನೋಕೆ ಮನಸ್ಸಿಲ್ಲ. ಹೊರದೇಶದಲ್ಲಿ ಹಳ್ಳಿ ಮನೆ ಇಟ್ಟುಕೊಂಡವರು, ಅಂಥ ಮನೆಗೆ ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಬಿಸಿಲುಪ್ರಿಯ

ಸ್ಪೇನಿಗೆ ಕಳಿಸಿ ಮೇಡಂ. ಡಬ್ಲಿನ್‌ನಿಂದ ವಿಮಾನ ಇದೆ. ಮುಗೀತು.

ಎರಡೂರಿನವಳು

ಸ್ಪೇನಿಗೆ ಷೆಂಗೆನ್ ವೀಸಾ ಬೇಕು, ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ. ಭಾರತದ ಪಾಸ್‌ಪೋರ್ಟ್‌ಗೆ ಎರಡಕ್ಕೂ ಬೇರೆ ಬೇರೆ ಅರ್ಜಿ. ಅಷ್ಟೆಲ್ಲ ಮಾಡಿಕೊಂಡು ಸ್ಪೇನಿಗೆ ಹೋಗೋದಾದರೆ ನಮ್ಮನೆಗೆ ಯಾಕೆ ಬರಬೇಕು ಹೇಳಿ?

ತೋಟದಮನೆ

ಅಕ್ಕಾ, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ, ಜೊತೆಗೆ ಹೋಮ್‌ಸ್ಟೇ. ಬೆಂಗಳೂರಿನವರನ್ನು ಮಳೆಯಲ್ಲಿ ಸಂಭಾಳಿಸೋದೇ ನಮ್ಮ ಹೊಟ್ಟೆಪಾಡು. ಹೊರದೇಶದ ಅನುಭವ ನನಗಿಲ್ಲ. ಆದರೆ ನೀವು ಬರೆದ ಕಿಟಕಿ ಮನುಷ್ಯ ನಮ್ಮಲ್ಲೂ ಪ್ರತಿ ಜುಲೈನಲ್ಲಿ ಬರುತ್ತಾನೆ. ಹೆಸರು ಮಾತ್ರ ಬೇರೆ.

ಮೊದಲು ಕಾಲು ನೋಡಿ. ತಮಾಷೆಗೆ ಹೇಳುತ್ತಿಲ್ಲ. ಒದ್ದೆ ಸಾಕ್ಸ್ ಹಾಕಿಕೊಂಡವನಿಗೆ ಯಾವ ಜಲಪಾತ ತೋರಿಸಿದರೂ ದಂಡ. ಶೂ ಒಳಗೆ ನ್ಯೂಸ್‌ಪೇಪರ್ ಮುದ್ದೆ ಮಾಡಿ ತುರುಕಬೇಕು, ಒಂದೆರಡು ಗಂಟೆಗೆ ಪೇಪರ್ ಬದಲಾಯಿಸಬೇಕು, ಬೆಳಿಗ್ಗೆಗೆ ಹಾಕೋ ಹಾಗಾಗುತ್ತದೆ. ನಮ್ಮಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿದ್ದೇವೆ, ಬಟ್ಟೆ ಅಲ್ಲಿ ಒಣಗುತ್ತದೆ. ಸ್ವಲ್ಪ ಹೊಗೆ ವಾಸನೆ ಬರುತ್ತದೆ, ಆದರೆ ಒಣಗಿರುತ್ತದೆ. ಬಂದವರಿಗೆ ಮೊದಲು ತೋರಿಸೋದು ರೂಮಲ್ಲ, ಆ ಹಗ್ಗ. ನಿಮ್ಮನೆಯಲ್ಲಿ ಅದಕ್ಕೆ ಏನಿದೆ?

ಎರಡನೇದು, ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಬೇಡಿ. ಮಳೆ ದಿನ ಬೆಂಗಳೂರಿನವರು ಒಂದೇ ಜಾಗದಲ್ಲಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಸೈಟು, ಮಕ್ಕಳ ಮದುವೆ, ಯಾರ ಮಗ ಯಾವ ಕಂಪನಿ ಅಂತ ಶುರುವಾಗಿ ಸಂಜೆಗೆ ಮುಖ ಊದಿಸಿಕೊಂಡಿರುತ್ತಾರೆ. ಒಬ್ಬರಿಗೆ ಓದೋ ಕುರ್ಚಿ, ಇನ್ನೊಬ್ಬರಿಗೆ ಒಲೆ ಪಕ್ಕ ಜಾಗ, ಯಾರೂ ಕರೆಯದ ಒಂದು ಮೂಲೆ. ಅಷ್ಟು ಸಾಕು.

ಮೂರನೇದೇ ಮುಖ್ಯ. "ಮಳೆ ನಿಂತ ಮೇಲೆ ಹೋಗೋಣ" ಅನ್ನೋ ಮಾತು ನಮ್ಮ ಮನೆಯಲ್ಲಿ ನಿಷೇಧ. ತಿಂಡಿ ಆದ ತಕ್ಷಣ ಹೊರಡಬೇಕು, ಮಳೆ ಇರಲಿ ಬಿಡಲಿ. ದೂರ ಬೇಡ. ತೋಟದ ಗೇಟಿನವರೆಗೆ, ಹಳ್ಳದವರೆಗೆ. ಮುಕ್ಕಾಲು ಗಂಟೆ. ವಾಪಸ್ ಬಂದು ಕಾಲು ತೊಳೆದು, ಬಿಸಿ ಕಾಫಿ ಕುಡಿದು, ಸುಟ್ಟ ಹಲಸಿನ ಬೀಜ ತಿಂದರೆ ಆಮೇಲೆ ದಿನವಿಡೀ ಮಳೆ ಬಂದರೂ ಗೊಣಗಲ್ಲ. ಹೊರಗೇ ಹೋಗದವನು ಮಾತ್ರ ಗೊಣಗುತ್ತಾನೆ.

ಇನ್ನೊಂದು ವಿಷಯ, ಕೆಲಸ ಕೊಡಿ. ಪತ್ರೊಡೆಗೆ ಕೆಸುವಿನ ಎಲೆಗೆ ಹಿಟ್ಟು ಹಚ್ಚೋಕೆ ಕೂರಿಸಿದರೆ ಸಾಫ್ಟ್‌ವೇರ್ ಮ್ಯಾನೇಜರ್‌ಗಳು ಏನು ಶ್ರದ್ಧೆಯಿಂದ ಮಾಡುತ್ತಾರೆ ಗೊತ್ತಾ!

ನಿವೃತ್ತ ಬ್ಯಾಂಕ್

ತೋಟದಮನೆಯವರು ಚೆನ್ನಾಗಿ ಹೇಳಿದ್ದಾರೆ. ಆದರೆ ಮಲೆನಾಡಿನ ಮಳೆ ಬೇರೆ, ಆ ಮಳೆ ಬೇರೆ. ಅಂಕಿ ಅಂಶ ನನ್ನ ಚಟ, ಕ್ಷಮಿಸಿ.

ಬೆಂಗಳೂರಿಗೆ ವರ್ಷಕ್ಕೆ ಬೀಳೋದು 1000 ಮಿಲಿಮೀಟರ್‌ಗೆ ಸ್ವಲ್ಪ ಕಡಿಮೆ. ಆಗುಂಬೆಯಲ್ಲಿ 7000 ದಾಟುತ್ತದೆ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಳೆ ಅಳೆದರೆ ಆಗುಂಬೆಯ ಹತ್ತಿರಕ್ಕೂ ಬರಲ್ಲ. ಆದರೆ ಅಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಲೆಕ್ಕದ ಪ್ರಕಾರ, ಪಶ್ಚಿಮದ ಕೆಲವು ಕಡೆ ವರ್ಷಕ್ಕೆ ಸುಮಾರು 225 ದಿನ ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಪೂರ್ವ ಕರಾವಳಿಯಲ್ಲಿ 150ರ ಆಸುಪಾಸು. ಅಂದರೆ ಸುರಿಯೋದು ಕಡಿಮೆ, ಬಿಡದೆ ಬರೋದು ಜಾಸ್ತಿ. ಬೆಂಗಳೂರಿನವನಿಗೆ ಇದೇ ತಲೆಗೆ ಹತ್ತಲ್ಲ. ನಮ್ಮಲ್ಲಿ ಮಧ್ಯಾಹ್ನ ಸೆಕೆ, ಸಂಜೆ ಒಂದು ಗಂಟೆ ಧೋ ಅಂತ ಸುರಿದು, ಅಂಡರ್‌ಪಾಸ್ ತುಂಬಿಸಿ, ರಾತ್ರಿಗೆ ನಕ್ಷತ್ರ. ಹಾಗಾಗಿ ಮಳೆ ಅಂದರೆ ಕಾದರೆ ನಿಲ್ಲುತ್ತದೆ ಅಂತಲೇ ನಮ್ಮ ಲೆಕ್ಕ. ಅಲ್ಲಿ ಕಾದು ಕೂತವನ ರಜೆ ಮುಗಿದುಹೋಗುತ್ತದೆ.

ಕಾರಣ ನಮ್ಮ ಘಟ್ಟದ್ದೇ. ಸಮುದ್ರದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿ ಮಳೆ ಆಗುತ್ತದೆ. ನಮಗೆ ಆ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಟ್ಲಾಂಟಿಕ್ ಗಾಳಿಗೆ ಅಂಥ ರಜೆ ಇಲ್ಲ.

ಈಗ ನನ್ನ ಪ್ರಶ್ನೆ. ಜುಲೈ ಯಾಕೆ? ಐರ್ಲೆಂಡಿನಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಕಡಿಮೆ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಶಾಲೆಗೆ ರಜೆ, ಊರಲ್ಲಿ ಧಗೆ. 2024ರ ಏಪ್ರಿಲ್ ಕೊನೆಯಲ್ಲಿ ಇಲ್ಲಿ 38.5 ಡಿಗ್ರಿ ಆಗಿತ್ತು, ನೆನಪಿದೆಯಾ? ಮೇ ತಿಂಗಳಲ್ಲಿ ಕರೆಸಿಕೊಳ್ಳಿ. ಮಳೆ ಬಂದರೂ ಸೆಕೆಯಿಂದ ಹೋದವರಿಗೆ ಹಿತವಾಗಿರುತ್ತದೆ.

ಎರಡೂರಿನವಳು

ಸರ್, ಇದು ನಿಜಕ್ಕೂ ಒಳ್ಳೇ ಮಾತು. ಎಲ್ಲರಿಗೂ ಯುರೋಪ್ ಅಂದರೆ ಜುಲೈ-ಆಗಸ್ಟ್ ಅಂತ ತಲೆಯಲ್ಲಿ ಕೂತಿದೆ. ನಮ್ಮ ಕಡೆ ಜುಲೈನಲ್ಲೂ ಹಗಲಿಗೆ 18 ಡಿಗ್ರಿ ಆಸುಪಾಸು ಅಷ್ಟೇ. ಮೇನಲ್ಲಿ ಇನ್ನೂ ಎರಡು ಮೂರು ಡಿಗ್ರಿ ಕಡಿಮೆ ಇರುತ್ತದೆ, ಆದರೆ ಬೇಲಿಯ ಹಳದಿ ಹೂವೆಲ್ಲ ಬಿಟ್ಟಿರುತ್ತದೆ. ರಾತ್ರಿ ಒಂಬತ್ತೂವರೆಗೂ ಬೆಳಕು. ಜೂನ್ ಮೂರನೇ ವಾರಕ್ಕೆ ಹತ್ತು ಗಂಟೆ ದಾಟಿದರೂ ಸೂರ್ಯ ಮುಳುಗಿರಲ್ಲ. ಬೆಳಿಗ್ಗೆಯಿಂದ ಮಳೆ ಬಂದು ಸಂಜೆ ಆರಕ್ಕೆ ಬಿಟ್ಟರೂ ನಾಲ್ಕು ಗಂಟೆ ಹಗಲು ಕೈಯಲ್ಲಿರುತ್ತದೆ. ಬೆಂಗಳೂರಿನವರು ಆರು ಗಂಟೆಗೆ ದಿನ ಮುಗೀತು ಅಂತ ನೈಟಿ, ಪಂಚೆಗೆ ಬದಲಾಯಿಸಿ ಕೂರುತ್ತಾರೆ!

ತೋಟದಮನೆಯವರೇ, ಬಟ್ಟೆಗೆ ನಮ್ಮಲ್ಲಿ ಹಾಟ್ ಪ್ರೆಸ್ ಅಂತ ಒಂದು ಬೀರು ಇದೆ. ಬಿಸಿನೀರಿನ ದೊಡ್ಡ ಸಿಲಿಂಡರ್ ಅದರೊಳಗೇ ಇರುತ್ತದೆ, ಮೇಲೆ ಹಲಗೆಗಳು. ಒಳಗೆ ಯಾವಾಗಲೂ ಬೆಚ್ಚಗೆ. ಹಿಂಡಿ ಹಾಕಿದ ಸಾಕ್ಸ್ ರಾತ್ರಿ ಕಳೆಯೋದರಲ್ಲಿ ಗರಿಗರಿ. ಆದರೆ ಐದು ಜನರ ಜೀನ್ಸ್ ಹಿಡಿಸಲ್ಲ, ಹಾಗಾಗಿ ಜೀನ್ಸ್ ತರಬೇಡಿ ಅಂತ ಮೊದಲೇ ಹೇಳಬೇಕು.

ಒಮ್ಮೆ ಅತಿಥಿ

ಅತಿಥಿಯ ಕಡೆಯಿಂದ ಒಂದು ಮಾತು ಹೇಳಲಾ? ನಾನು ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ಕಸಿನ್ ಮನೆಗೆ ಹೋಗಿದ್ದೆ. ಅಲ್ಲೂ ಇದೇ ಕತೆ. ಮಳೆ ನನಗೆ ಬೇಜಾರು ಮಾಡಲಿಲ್ಲ. ಬೇಜಾರು ಮಾಡಿದ್ದು ಅವಳು. ಪ್ರತಿ ಅರ್ಧ ಗಂಟೆಗೆ "ಸಾರಿ ಕಣೋ, ಹೋದ ವಾರ ಬಂದಿದ್ರೆ ಎಷ್ಟು ಚೆನ್ನಾಗಿತ್ತು ಗೊತ್ತಾ" ಅನ್ನೋಳು. ಮೋಡ ಮುಚ್ಚಿದ ಕಡೆ ಕಾರು ನಿಲ್ಲಿಸಿ "ಇಲ್ಲೊಂದು ಬೆಟ್ಟ ಇದೆ" ಅನ್ನೋಳು. ನನಗೆ ಕಾಣಿಸುತ್ತಿದ್ದ ಕಲ್ಲುಗೋಡೆ, ಅದರ ಮೇಲಿನ ಪಾಚಿ, ನೆನೆದು ನಿಂತ ಕುರಿ, ಇವೆಲ್ಲ ಸೊಗಸಾಗೇ ಇತ್ತು. ಅವಳು ನೋಡೋಕೆ ಬಿಟ್ಟರೆ ತಾನೇ? ಕಾಣದೇ ಇರೋದರ ಪಟ್ಟಿ ಒಪ್ಪಿಸುತ್ತಿದ್ದಳು.

ದಯವಿಟ್ಟು ಕ್ಷಮೆ ಕೇಳಬೇಡಿ. ಮಳೆಗೆ ನೀವು ಜವಾಬ್ದಾರರಲ್ಲ. ಆದರೆ ಜಾಕೆಟ್‌ಗೆ ಜವಾಬ್ದಾರರು. ಬಾಗಿಲ ಹಿಂದೆ ನಾಲ್ಕೈದು ಸೈಜಿನ ರೈನ್‌ಕೋಟ್, ಗಮ್‌ಬೂಟ್ ಇಟ್ಟಿರಿ. ಛತ್ರಿ ಆ ಗಾಳಿಗೆ ಪ್ರಯೋಜನ ಇಲ್ಲ, ಮಳೆ ಅಡ್ಡಕ್ಕೆ ಬರುತ್ತದೆ. ಗಾಳಿ ನಿಂತ ಮೋಡದ ಸಂಜೆ ಮಿಡ್ಜ್ ಅನ್ನೋ ಸಣ್ಣ ನೊಣ ಗುಂಪಾಗಿ ಬಂದು ಕಚ್ಚುತ್ತದೆ, ಅದಕ್ಕೆ ಹಚ್ಚಿಕೊಳ್ಳೋ ಕ್ರೀಮೂ ಇರಲಿ. ಕಾನೆಮಾರಾದಲ್ಲೂ ಇದೆ ಅಲ್ವಾ?

ಎರಡೂರಿನವಳು

ಇದೆ, ಧಾರಾಳವಾಗಿ.

ಎರಡು ಮಕ್ಕಳ ತಾಯಿ

ಎಲ್ಲರೂ ಮಳೆಯಲ್ಲೇ ನಡೀರಿ, ಕಲ್ಲುಗೋಡೆ ನೋಡಿ ಖುಷಿಪಡಿ ಅನ್ನುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಒಬ್ಬರ ಟಿಕೆಟ್‌ಗೆ ಲಕ್ಷದ ಹತ್ತಿರ ಖರ್ಚು ಮಾಡಿ, ಆಫೀಸಲ್ಲಿ ಕಾಡಿ ಬೇಡಿ ರಜೆ ತಗೊಂಡು ಹೋದವರಿಗೆ ಬೇಜಾರಾಗೋ ಹಕ್ಕಿಲ್ಲವಾ? ಮಳೆಯಲ್ಲಿ ಸೌಂದರ್ಯ ಕಾಣದವರೆಲ್ಲ ರಸಹೀನರು ಅನ್ನೋ ಧಾಟಿ ನನಗೆ ಹಿಡಿಸಲ್ಲ. ಆ ಕಿಟಕಿ ಸಾಹೇಬರು ಪಾಪ, ಬಿಸಿಲಿನ ಫೋಟೋ ನೋಡಿ ಹೋದವರು. ಆ ಫೋಟೋ ಕಳಿಸಿದ್ದು ಯಾರು?

ತೋಟದಮನೆ

ಅಕ್ಕ ಸರಿಯಾಗಿ ಕೇಳಿದರು. ನಮ್ಮ ಹೋಮ್‌ಸ್ಟೇ ಪುಟದಲ್ಲಿ ಈಗ ಜುಲೈ ಫೋಟೋನೇ ಮೊದಲು ಹಾಕಿದ್ದೇವೆ. ಕೆಸರು, ಮಂಜು, ಜಿಗಣೆ ಸಮೇತ. ಬುಕಿಂಗ್ ಕಡಿಮೆ ಆಯಿತು, ಜಗಳವೂ ಕಡಿಮೆ ಆಯಿತು.

ಎರಡೂರಿನವಳು

ಹ್ಞೂಂ, ಫೋಟೋ ಮಾತು ಒಪ್ಪಿದೆ. ಬೇಜಾರಾಗೋರು ಆಗಲಿ, ಅದನ್ನು ಸರಿಪಡಿಸೋಕೆ ನಾನೂ ಕುಣಿಯಲ್ಲ. ಆದರೆ ಏನು ಸಿಗುತ್ತದೆ ಅಂತ ತಿಳಿದೇ ಬರಲಿ.

ಕ್ರಿಕೆಟ್ ತಾತ

ಕಾನೆಮಾರಾ ಅಂದಿರಲ್ಲ, ಕ್ಲಿಫ್ಡನ್ ಹತ್ತಿರ ಬ್ಯಾಲಿನಾಹಿಂಚ್ ಕೋಟೆಮನೆ ಇದೆ. ಅದನ್ನು 1924ರಲ್ಲಿ ಕೊಂಡವರು ಯಾರು ಹೇಳಿ? ನಮ್ಮ ರಣಜಿತ್‌ಸಿನ್ಹಜಿ! ನವಾನಗರದ ಜಾಮ್ ಸಾಹೇಬ್, ಇಂಗ್ಲೆಂಡ್ ಪರ 15 ಟೆಸ್ಟ್ ಆಡಿದವರು. ಇವರ ಹೆಸರಿನ ಟ್ರೋಫಿಗೇ ನಮ್ಮ ಕರ್ನಾಟಕ ಚಿನ್ನಸ್ವಾಮಿಯಲ್ಲಿ ಬೆವರು ಸುರಿಸೋದು. 1933ರಲ್ಲಿ ತೀರಿಕೊಳ್ಳುವವರೆಗೂ ಬೇಸಿಗೆಗೆ ಅಲ್ಲಿಗೆ ಹೋಗುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಕಾಠಿಯಾವಾಡದ ಬಿಸಿಲಿನ ರಾಜನಿಗೆ ಆ ಮಳೆ ಊರೇ ಬೇಕಾಗಿತ್ತು ನೋಡಿ. ಈಗ ಅದು ಹೋಟೆಲ್. ಲಾಲ್‌ಬಾಗ್ ಗುಂಪಿನಲ್ಲಿ ಕ್ರಿಕೆಟ್ ಹುಚ್ಚಿನವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮಳೆ ದಿನ ಅಲ್ಲಿ ಕೂರಿಸಿ ಒಂದು ಟೀ ಕುಡಿಸಿ.

ಇನ್ನೊಂದಿದೆ. 1919ರ ಜೂನ್ 15ರಂದು ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿ ಅಟ್ಲಾಂಟಿಕ್ ಸಾಗರವನ್ನು ಎಲ್ಲೂ ನಿಲ್ಲದೆ ವಿಮಾನದಲ್ಲಿ ದಾಟಿ ಇಳಿದದ್ದು ಕ್ಲಿಫ್ಡನ್ ಪಕ್ಕದ ಡೆರಿಗಿಮ್ಲಾ ಜೌಗಿನಲ್ಲಿ. ಮೇಲಿಂದ ಹಸಿರು ಮೈದಾನ ಕಂಡಿತಂತೆ, ಇಳಿದರೆ ಮೂತಿ ಕೆಸರಲ್ಲಿ. ಮಾರ್ಕೋನಿಯ ನಿಸ್ತಂತು ಕೇಂದ್ರವೂ ಅದೇ ಜೌಗಿನಲ್ಲಿ ಇತ್ತು. ಅಲ್ಲಿ ಓಡಾಡೋಕೆ ದಾರಿ ಮಾಡಿದ್ದಾರೆ. ಮಳೆಯಲ್ಲೇ ನೋಡಬೇಕಾದ ಜಾಗ, ಬಿಸಿಲಲ್ಲಿ ನೋಡಿದರೆ ಆ ಕತೆಗೆ ಮಜಾ ಇಲ್ಲ.

ಎರಡೂರಿನವಳು

ತಾತ, ನಿಮಗೊಂದು ದೊಡ್ಡ ನಮಸ್ಕಾರ! ರಣಜಿ ವಿಷಯ ನನಗೆ ಗೊತ್ತಿತ್ತು. ಆದರೆ ಅತಿಥಿಗಳಿಗೆ ಹೇಳೋ ವಿಷಯ ಅಂತ ಹೊಳೆದೇ ಇರಲಿಲ್ಲ. ಅವರ ಮನೆತನದ ಹೆಣ್ಣುಮಕ್ಕಳು ಕೈಲ್‌ಮೋರ್ ಆ್ಯಬಿ ಅನ್ನೋ ಕ್ರೈಸ್ತ ಮಠದ ಸನ್ಯಾಸಿನಿಯರ ಶಾಲೆಯಲ್ಲಿ ಓದಿದ್ದರು. ಅದೂ ನಮ್ಮಿಂದ ದೂರ ಇಲ್ಲ, ಮಳೆ ದಿನಕ್ಕೆ ಒಳಗೆ ನೋಡೋಕೆ ಸಾಕಷ್ಟಿದೆ.

ಗಿರಿನಗರ ಸೊಸೆ

ಅತ್ತೆಯವರು ಬರುತ್ತಾರೆ ಅಂದಿರಿ. ಅವರ ಬಗ್ಗೆ ಯಾರೂ ಮಾತಾಡಲಿಲ್ಲ! ವಯಸ್ಸಾದವರಿಗೆ ಮಳೆಗಿಂತ ಬಚ್ಚಲಮನೆಯ ಚಿಂತೆ. ಬಿಸಿನೀರು ಹೇಗೆ, ಊಟ ಹೇಗೆ? ತುಪ್ಪ, ಕರಿಬೇವು ತರಬಹುದಾ?

ಎರಡೂರಿನವಳು

ಬಿಸಿನೀರಿಗೆ ಇಮ್ಮರ್ಷನ್ ಸ್ವಿಚ್ ಇದೆ. ಸ್ನಾನಕ್ಕೆ ಮೊದಲು ಹಾಕಬೇಕು, ಆಮೇಲೆ ಆರಿಸಬೇಕು. ಆರಿಸೋದು ಮರೆತರೆ ಐರಿಷ್ ಮನೆಗಳಲ್ಲಿ ದೊಡ್ಡ ರಾಮಾಯಣ. ನಮ್ಮದು ಬಾವಿ ನೀರು, ಪಂಪ್ ಕರೆಂಟಿನದು. ಕರೆಂಟು ಹೋದರೆ ನೀರೂ ಹೋಯಿತು. 2025ರ ಜನವರಿ 24ರ ಎಯೋವಿನ್ ಬಿರುಗಾಳಿಯಲ್ಲಿ ನಮ್ಮ ಪಕ್ಕದ ಮೇಸ್ ಹೆಡ್‌ನಲ್ಲೇ ಗಂಟೆಗೆ 183 ಕಿ.ಮೀ. ಗಾಳಿ ದಾಖಲಾಯಿತು, ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಕಡೆ ಕರೆಂಟು ಹೋಯಿತು. ಆಗ ನಾವು ಬೆಂಗಳೂರಲ್ಲಿದ್ದೆವು. ಬೇಸಿಗೆಯಲ್ಲಿ ಅಂಥದ್ದು ಅಪರೂಪ, ಆದರೂ ಎರಡು ಕ್ಯಾನ್ ನೀರು ತುಂಬಿಸಿಟ್ಟಿರುತ್ತೇನೆ. ಕಕ್ಕಸಿನದು ಸೆಪ್ಟಿಕ್ ಟ್ಯಾಂಕ್. ಒದ್ದೆ ಟಿಶ್ಯೂ ಅದಕ್ಕೆ ಹಾಕಬಾರದು. ಒಗ್ಗರಣೆ ಎಣ್ಣೆ ಸಿಂಕಿಗೆ ಸುರಿಯಬಾರದು. ಇದನ್ನು ಬಂದ ದಿನವೇ ಹೇಳುವುದು ಒಳ್ಳೇದು, ಸಂಕೋಚ ಪಟ್ಟರೆ ಆಮೇಲೆ ಲಾರಿ ಕರೆಸಬೇಕು.

ಹೊರಗಿನಿಂದ ಯುರೋಪಿಯನ್ ಒಕ್ಕೂಟಕ್ಕೆ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಹಾಗಾಗಿ ತುಪ್ಪ, ಪೇಡ ಬೇಡ. ಸರ್ಟಿಫಿಕೇಟ್ ಇಲ್ಲದೆ ಸೊಪ್ಪು, ತರಕಾರಿ, ಹಣ್ಣೂ ಇಲ್ಲ, ಕರಿಬೇವೂ ಅದರಲ್ಲೇ ಬಂತು. ಬಾಳೆ, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್ ಮಾತ್ರ ಬಿಟ್ಟಿದ್ದಾರೆ. ಸಾರಿನ ಪುಡಿ, ಹುಣಸೆ, ಹಪ್ಪಳ ತಂದರೆ ಸಾಕು. ತುಪ್ಪದ ಯೋಚನೆ ಬೇಡ. ಅಲ್ಲಿನ ಬೆಣ್ಣೆ ಕಾಯಿಸಿದರೆ ಅಡುಗೆಮನೆ ಘಮ್ ಅನ್ನುತ್ತದೆ, ನಂದಿನಿ ಅಭಿಮಾನಿಗಳೂ ಸುಮ್ಮನಾಗುತ್ತಾರೆ.

ಮಳೆ ದಿನದ ಕೆಲಸಕ್ಕೆ ಸೋಡಾ ಬ್ರೆಡ್ ಇದೆ. ಗೋಧಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ. ಮೊಟ್ಟೆ ಇಲ್ಲ, ಈಸ್ಟ್ ಇಲ್ಲ, ನಾದೋದೂ ಇಲ್ಲ. ಮೇಲೆ ಚಾಕುವಿನಲ್ಲಿ ಅಡ್ಡ ಉದ್ದ ಗೀರು ಹಾಕಿ ಓವನ್‌ಗೆ. ಆ ಅತ್ತೆಯವರ ಕೈಗೆ ಕೊಟ್ಟರೆ ಎರಡನೇ ದಿನಕ್ಕೇ ಜೀರಿಗೆ, ಹಸಿಮೆಣಸಿನಕಾಯಿ ಬೀಳುತ್ತದೆ, ನೋಡಿ ಬೇಕಾದರೆ.

ಪಬ್‌ಗೂ ಕರೆದುಕೊಂಡು ಹೋಗಬಹುದು. ಕುಡಿಯದವರೂ ಸಂಗೀತ ಕೇಳೋಕೆ ಬಂದು ಟೀ ಹಿಡಿದು ಕೂತಿರುತ್ತಾರೆ. ಸೂಪ್ ತರಕಾರಿದೇ ಆದರೂ ಕೋಳಿ ಬೇಯಿಸಿದ ನೀರು ಹಾಕಿದ್ದಾರಾ ಅಂತ ಕೇಳಿಯೇ ಕುಡಿಯಬೇಕು.

ಒಮ್ಮೆ ಅತಿಥಿ

ಕಾರು ಯಾರು ಓಡಿಸುತ್ತಾರೆ? ಎಡಗಡೆ ಡ್ರೈವಿಂಗ್ ತಾನೇ, ನಮ್ಮವರು ತಾವೇ ಬಾಡಿಗೆ ಕಾರು ತಗೊಂಡರೆ ನಿಮಗೂ ಬಿಡುವು.

ಎರಡೂರಿನವಳು

ಹೌದು, ಅದನ್ನೇ ಹೇಳುತ್ತೇನೆ. ನಮ್ಮ ಲೈಸೆನ್ಸ್‌ನಲ್ಲಿ ಪ್ರವಾಸಿಗರು ಓಡಿಸಬಹುದು. ಡಬ್ಲಿನ್‌ನಿಂದ ಗಾಲ್ವೇವರೆಗೆ ಮೋಟಾರುದಾರಿ ಆರಾಮ, ಆಮೇಲೆ ಕ್ಲಿಫ್ಡನ್‌ವರೆಗೆ ಸಣ್ಣ ರಸ್ತೆ. ನಮ್ಮನೆಯ ಓಣಿಯಲ್ಲಂತೂ ನಡುವೆ ಹುಲ್ಲು ಬೆಳೆದಿದೆ. ಹಳ್ಳಿ ರಸ್ತೆಗಳ ವೇಗದ ಮಿತಿ 2025ರ ಫೆಬ್ರುವರಿಯಿಂದ 80ರ ಬದಲು 60 ಮಾಡಿದ್ದಾರೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪಳಗಿದವರಿಗೆ 60 ಸಿಗೋದೇ ಹಬ್ಬ. ತಮ್ಮ ಕಾರಿದ್ದರೆ ಬಿಸಿಲು ಕಂಡ ಕಡೆ ತಾವೇ ಹೋಗುತ್ತಾರೆ, ನಾನು ಮನೆಯಲ್ಲಿ ಕಾಲು ಚಾಚಿ ಕೂರಬಹುದು.

ಗುಂಪಿಗೆ ಕಳಿಸೋಕೆ ಒಂದು ಮೆಸೇಜ್ ಬರೆದಿದ್ದೇನೆ, ನೋಡಿ ಹೇಳಿ:

"ಜುಲೈ ಬಿಡಿ, ಮೇ ಎರಡನೇ ವಾರಕ್ಕೆ ಬನ್ನಿ. ಆಗಲೂ ಮಳೆ ಬರಬಹುದು. ಬಂದರೆ ನಿಲ್ಲೋವರೆಗೆ ಕಾಯಲ್ಲ, ಹೊರಡೋದೇ. ಜೀನ್ಸ್, ಛತ್ರಿ, ಕ್ಯಾನ್ವಾಸ್ ಶೂ ಬೇಡ. ಬೇಗ ಒಣಗೋ ಪ್ಯಾಂಟು, ಉಣ್ಣೆ ಸಾಕ್ಸ್, ಸ್ವೆಟರ್ ಇರಲಿ. ರೈನ್‌ಕೋಟ್ ನಮ್ಮಲ್ಲಿದೆ. ಕಾರು ನೀವೇ ಬಾಡಿಗೆಗೆ ತಗೊಳ್ಳಿ. ನಿಮ್ಮನ್ನು ದಿನಾ ಸುತ್ತಿಸೋಕೆ ನನ್ನಿಂದಾಗಲ್ಲ, ರಾತ್ರಿ ಊಟಕ್ಕೆ ಬಿಸಿ ಸಾರು ಅನ್ನ ಗ್ಯಾರಂಟಿ. ಬಿಸಿಲೇ ಬೇಕು ಅಂದರೆ ಈ ಸಲ ಬೇರೆ ಕಡೆ ಹೋಗಿ ಬನ್ನಿ, ನನಗೇನೂ ಬೇಜಾರಿಲ್ಲ." ಜೊತೆಗೆ ಫೋಟೋ, ಮಳೆಯಲ್ಲಿ ತೆಗೆದದ್ದು.

ಎರಡು ಮಕ್ಕಳ ತಾಯಿ

ಈ ಮೆಸೇಜ್ ಓದಿ ನನಗೇ ಬರಬೇಕು ಅನ್ನಿಸಿತು. ಕೊನೇ ಸಾಲು ಹಾಗೇ ಇರಲಿ, ತೆಗೀಬೇಡಿ.

ನಿವೃತ್ತ ಬ್ಯಾಂಕ್

ವೀಸಾಕ್ಕೆ ಆಹ್ವಾನ ಪತ್ರ ಬೇಕಾಗುತ್ತದೆ. ಮೇ ಅಂದರೆ ಈಗಲೇ ಬರೆದುಕೊಡಿ, ಎಲ್ಲರೂ ಒಟ್ಟಿಗೆ ಅರ್ಜಿ ಹಾಕಲಿ.

ಗಿರಿನಗರ ಸೊಸೆ

ಕೊನೇ ಪ್ರಶ್ನೆ ಮೇಡಂ, ಆ ಚಳಿಯಲ್ಲಿ ದೋಸೆ ಹಿಟ್ಟು ಹುಳಿ ಬರುತ್ತದಾ?

ಎರಡೂರಿನವಳು

ಹಾಟ್ ಪ್ರೆಸ್‌ನಲ್ಲಿ ಸಿಲಿಂಡರ್ ಪಕ್ಕ ಇಟ್ಟರೆ ಬೆಳಿಗ್ಗೆಗೆ ಉಕ್ಕಿರುತ್ತದೆ. ಪಾತ್ರೆ ಕೆಳಗೆ ತಟ್ಟೆ ಇಡಿ, ಇಲ್ಲದಿದ್ದರೆ ಕೆಳಗಿನ ಹಲಗೆಯ ಸಾಕ್ಸ್ ಮೇಲೆ ಸುರಿಯುತ್ತದೆ.